ಗುರುತು ಸಿಗದ ಬೆರಳು

ಹೊಸನಗರದ ಬಸ್ ಸ್ಟ್ಯಾಂಡ್ ಪಕ್ಕ ನನ್ನದೊಂದು ಕಂಪ್ಯೂಟರ್ ಅಂಗಡಿ. ಕಾಲೇಜು ಫೀಸಿಗೆ ಸರ್ಕಾರ ಕೊಡುವ ಸಹಾಯಧನಕ್ಕೆ ಮಕ್ಕಳು ಅರ್ಜಿ ಹಾಕೋದು ಇಲ್ಲೇ. ಮೊನ್ನೆ ಕೊನೇ ದಿನ. ಡಿಗ್ರಿ ಮೊದಲ ವರ್ಷದ ಹುಡುಗಿಯೊಬ್ಬಳು ಬಂದಳು. ಎಲ್ಲ ತುಂಬಿಸಿ, ಬೆರಳಚ್ಚು ಕೊಡು ಅಂದೆ. ಯಂತ್ರ ಒಪ್ಪಲಿಲ್ಲ. ಹತ್ತೂ ಬೆರಳು ಆಯಿತು, ಒರೆಸಿ ಎಣ್ಣೆ ಹಚ್ಚಿದ್ದೂ ಆಯಿತು. ಬೆರಳ ತುದಿಯೆಲ್ಲ ಚೊಗರಿನ ಕರೆ ಹಿಡಿದು ಕಪ್ಪಾಗಿ, ಗೆರೆಯೇ ಕಾಣದಷ್ಟು ಸವೆದಿತ್ತು.

"ಅಡಿಕೆ ಸುಲಿಯೋಕೆ ಹೋಗ್ತೀಯೇನಮ್ಮ?"

"ಹೌದಣ್ಣ, ಕಾಲೇಜಿಂದ ಬಂದ್ಮೇಲೆ."

"ಸ್ವಲ್ಪ ದಿನ ಬಿಟ್ಟಿದ್ರೆ ಚರ್ಮ ಬರ್ತಿತ್ತಲ್ಲ ಮಾರಾಯ್ತಿ."

"ಬಿಟ್ಟಿದ್ರೆ ಫೀಸ್ ಕಟ್ಟೋದ್ ಹೆಂಗಣ್ಣ?"

ಅದಕ್ಕೇ ತಾನೇ ಈ ಅರ್ಜಿ ಅನ್ನಲು ಹೊರಟವನು, ಯಂತ್ರದ ಗಾಜನ್ನು ಇನ್ನೊಮ್ಮೆ ಒರೆಸಿ ಅವಳ ಮುಂದಿಟ್ಟೆ.

ಮತ್ತೆ ಮತ್ತೆ ಒತ್ತಿದಳು. ಸಂಜೆ ಪರದೆಯ ಮೇಲೆ 'ಅವಧಿ ಮುಗಿದಿದೆ' ಅಂತ ಬಂತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಬಸ್ಸಿಗೆ ಹೊತ್ತಾಯ್ತು, ಇವತ್ತೂ ಸುಲಿಯೋದಿದೆ" ಅಂತ ಚೀಲ ಎತ್ತಿಕೊಂಡಳು.

ಅಂಗಡಿ ಮುಚ್ಚುವ ಮುಂಚೆ ದಿನದ ಕೆಲಸ ಒಪ್ಪಿಸಲು ನನ್ನ ಹೆಬ್ಬೆಟ್ಟನ್ನೂ ಅದೇ ಯಂತ್ರಕ್ಕೆ ಕೊಡಬೇಕು. ಬೆಳಗಿಂದ ಕುರ್ಚಿ ಬಿಟ್ಟು ಏಳದವನ ಬೆರಳಲ್ಲವೇ, ಮುಟ್ಟಿಸುವಷ್ಟರಲ್ಲೇ ಗುರುತು ಹಿಡಿಯಿತು.