ಬಾಗಿಲ ಬಳಿಯ ಬೇಸಿನ್

ಕಪಾಟಿನ ಮೇಲಿನ ಅರೆಯಿಂದ ಶಾಲು ತೆಗೆದು ಕೊಡವಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಎತ್ತಿಟ್ಟ ಬಟ್ಟೆಯ ವಾಸನೆ. ನನಗೆ ಮಾತ್ರ ಘಾಟ್ಕೋಪರ್ ಸ್ಟೇಷನ್ ಹತ್ತಿರವಿದ್ದ ಒಂದು ಹೋಟೆಲಿನ ಕೈತೊಳೆಯುವ ಬೇಸಿನ್ನಿನದು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಧಣಿಗಳು ತಾವೇ ಬಂದು ಅದರೊಳಗೆ ಬಿಳಿಯ ಗುಳಿಗೆಗಳನ್ನು ಹಾಕುತ್ತಿದ್ದರು. ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು ಆಮೇಲೆ.

ಧಣಿ ಎಂದರೆ ಹೋಟೆಲಿನ ಯಜಮಾನರು, ಉಡುಪಿ ಕಡೆಯವರು. ಸಪ್ಲೈಯರುಗಳು ಹಾಗೆ ಕರೆಯುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು. ನಾನಾಗ ದೊಡ್ಡ ಆರ್ಕಿಟೆಕ್ಟ್ ಒಬ್ಬರ ಆಫೀಸಿನ ನೌಕರಿ ಬಿಟ್ಟು, ಆಂಟಾಪ್ ಹಿಲ್‌ನ ನಮ್ಮ ಮನೆಯ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದೆ. ತಮ್ಮ ಹಳೆಯ ಹೋಟೆಲನ್ನು ಹೊಸದಾಗಿಸುವ ಕೆಲಸವನ್ನು ಅವರು ನನಗೆ ಕೊಟ್ಟರು. ಅಪ್ಪನ ಪರಿಚಯದ ಮೇಲೆ ಕೊಟ್ಟದ್ದು... ನನ್ನ ಸ್ವಂತ ಹೆಸರಿನ ಮೊದಲ ಕೆಲಸ ಅದು.

ಅವರದ್ದು ಒಂದೇ ಶರತ್ತು. ಬೇಸಿನ್ ಮೊದಲಿನ ಹಾಗೆ ಬಾಗಿಲ ಬಳಿಯೇ ಇರಬೇಕು, ರಸ್ತೆಗೆ ಕಾಣಬೇಕು. ರಿಕ್ಷಾದವರು, ಹಮಾಲರು, ಕಸ ಗುಡಿಸುವ ಹೆಂಗಸರು ಏನನ್ನೂ ತಿನ್ನದೆ ಅಲ್ಲಿ ಕೈಮುಖ ತೊಳೆದು ಹೋಗುತ್ತಿದ್ದರು. "ಕೈ ತೊಳೀಲಿಕ್ಕೆ ಬಂದವ ನಾಳೆ ಚಾ ಕುಡೀಲಿಕ್ಕೆ ಬರ್ತಾನೆ ಮಗಾ. ಇದು ಪುಣ್ಯದ ಕೆಲಸ ಅಲ್ಲ, ಧಂಧಾ," ಎನ್ನುತ್ತಿದ್ದರು ಧಣಿಗಳು. ನಾನು ನಂಬಲಿಲ್ಲ. ಯಾವ ನಾಳೆಯೂ ಚಾ ಕುಡಿಯದೆ ಬರೀ ಕೈ ತೊಳೆಯುತ್ತಲೇ ಇದ್ದವರನ್ನು ಅವರು ಹೆಸರು ಹಿಡಿದು ವಿಚಾರಿಸುತ್ತಿದ್ದದ್ದನ್ನು ಕಂಡಿದ್ದೆ.

ಶರತ್ತು ನನಗೆ ಬಹಳ ಹಿಡಿಸಿತು. ಕೈತೊಳೆಯುವ ಜಾಗವನ್ನು ಏನೋ ನಾಚಿಕೆಗೇಡಿನದೆಂಬಂತೆ ಮೂಲೆಗೆ ತಳ್ಳುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಕಡಪ ಕಲ್ಲಿನ ಉದ್ದನೆಯ ಬೇಸಿನ್ ಮಾಡಿಸಿದೆ. ಅರ್ಧ ಒಳಗೆ, ಅರ್ಧ ಹೊರಗೆ ಮೆಟ್ಟಿಲ ಕಡೆಗೆ. ಮಿಕ್ಕ ಹೋಟೆಲನ್ನೆಲ್ಲ ಅದರ ಸುತ್ತ ಬರೆದೆ. ಇಂದಿಗೂ ಅದಕ್ಕಿಂತ ಒಳ್ಳೆಯ ನಕ್ಷೆ ನನ್ನ ಕೈಯಿಂದ ಬಂದಿಲ್ಲ.

ಕೆಲಸ ಮುಗಿದ ಮೇಲೆ ಅದನ್ನು ಒಂದು ವಾಸ್ತು-ವಿನ್ಯಾಸ ಪ್ರಶಸ್ತಿಯ ಸ್ಪರ್ಧೆಗೆ ಕಳಿಸಿದೆ. ಗೆದ್ದರೆ ನಾಲ್ಕು ಜನ ನನ್ನ ಹೆಸರು ಕೇಳುತ್ತಿದ್ದರು. ಇಲ್ಲದಿದ್ದರೆ ಬಿಟ್ಟುಬಂದ ಆಫೀಸಿಗೇ ಮರಳಿ, ಮತ್ತೊಬ್ಬರ ಹೆಸರಿಗೆ ಗೆರೆ ಎಳೆಯುವುದು. ಧಣಿಗಳ ಮಟ್ಟಿಗೆ ಪ್ರಶಸ್ತಿ ಎಂದರೆ ಕನ್ನಡ ಸಂಘದ ಸನ್ಮಾನ: ಶಾಲು, ಹಾರ, ಹಣ್ಣಿನ ಬುಟ್ಟಿ. "ಹೆಂಗಸ್ರಿಗೂ ಪೇಟ ಇಡ್ತಾರಾ ಮಾರಾಯ್ತಿ?" ಎಂದು ಕೇಳಿದ್ದರು. ಶಾಲೂ ಇಲ್ಲ, ಪೇಟವೂ ಇಲ್ಲ, ಗಾಜಿನ ಒಂದು ತುಂಡು ಕೊಡುತ್ತಾರೆ ಎಂದಾಗ ಅವರಿಗೆ ತುಂಬ ಬೇಜಾರಾಯಿತು.

ಕೊನೆಯ ಸುತ್ತಿಗೆ ಆಯ್ಕೆಯಾಯಿತು. ಅದರ ಬೆನ್ನಿಗೇ ಸ್ಪರ್ಧೆಯವರ ಕಡೆಯ ಒಬ್ಬಾಕೆ ಫೋನ್ ಮಾಡಿದಳು. ಹೋಟೆಲಿನ ಒಳಗಿನ ಹಾಲ್ ತೀರ್ಪುಗಾರರಿಗೆ ಇಷ್ಟವಾಗಿದೆಯಂತೆ. ಆದರೆ ಫೋಟೋದಲ್ಲಿ ಬೇಸಿನ್ ಎದುರಿಗೇ ಬಂದಿದೆಯಂತೆ, ಅದರ ಮೇಲೆ ಯಾರೋ ಮುದುಕರು ಬಗ್ಗಿಕೊಂಡಿದ್ದಾರಂತೆ. ಅದಿಲ್ಲದ ಫೋಟೋ ಕಳಿಸಿದರೆ ನನಗೇ ಒಳ್ಳೆಯದಂತೆ. ಬಗ್ಗಿದ್ದವರು ಧಣಿಗಳು, ಗುಳಿಗೆ ಹಾಕುತ್ತಿದ್ದರು.

ಮೈಯೆಲ್ಲ ಉರಿಯಿತು. ನೇರ ಹೋಟೆಲಿಗೆ ಹೋಗಿ ಅವರೆದುರು ಕೂಗಾಡಿದೆ. ಅವರೂ ಸಿಡಿದೇಳುತ್ತಾರೆ ಅಂದುಕೊಂಡಿದ್ದೆ. ಅವರು ಗಲ್ಲಾದಿಂದ ಎದ್ದು ಒಳಗೆ ಹೋಗಿ ಒಂದು ಬಿಳಿಯ ಪಂಚೆ ತಂದು ಬೇಸಿನ್ನಿನ ಮೇಲೆ ಹೊದಿಸಿದರು, ಮೇಲೊಂದು ಹೂವಿನ ಕುಂಡ ಇಟ್ಟರು.

"ತೆಗಿ ಫೋಟೋ. ನಿನ್ನ ಹೆಸರಾಗ್ಲಿ. ಒಂದು ಗಳಿಗೆ ಮುಚ್ಚಿದ್ರೆ ಬೇಸಿನ್ ಎಂತ ಓಡಿ ಹೋಗ್ತದಾ?"

ಯಾರು ಹೇಳಿದರೂ ಜಗ್ಗದ ಮನುಷ್ಯ ನನಗಾಗಿ ಜಗ್ಗಿದ್ದರು. ಅಷ್ಟರಲ್ಲಿ ರಿಕ್ಷಾದವನೊಬ್ಬ ಮೆಟ್ಟಿಲ ಬಳಿ ಬಂದು, ಪಂಚೆ ನೋಡಿ, "ಕ್ಯಾ ಸೇಠ್, ಪಾನಿ ಬಂದ್?" ಎಂದು ಹಿಂದೆ ಸರಿದ.

ನಾನೇ ಕುಂಡ ಇಳಿಸಿ ಪಂಚೆ ಎಳೆದೆ. "ನೀವು ಮುಚ್ಚಿದ್ರೂ ನಾನು ಮುಚ್ಚೋದಿಲ್ಲ ಧಣಿ. ಅದೇ ಫೋಟೋ ಇರ್ಲಿ. ಬೇಕಾದ್ರೆ ಕೊಡ್ಲಿ, ಇಲ್ಲಾಂದ್ರೆ ಅವ್ರ ಗಾಜು ಅವ್ರೇ ಇಟ್ಕೊಳ್ಲಿ."

"ನಿಂದು ಮಂಡೆ ಗಟ್ಟಿ ಉಂಟು," ಎಂದು ಅವರು ನಕ್ಕರು.

ಪ್ರಶಸ್ತಿ ಬರಲಿಲ್ಲ. ಹಾಗಂತ ಹೇಳಲು ಹೋದ ಮಧ್ಯಾಹ್ನ, ಊಟದ ಗಲಾಟೆ ಇಳಿದ ಹೊತ್ತಿನಲ್ಲಿ, ಧಣಿಗಳು ಅಡುಗೆಯವರನ್ನೂ ಸಪ್ಲೈಯರುಗಳನ್ನೂ ಕರೆದು ನಿಲ್ಲಿಸಿದರು. ನನ್ನನ್ನು ಬೇಸಿನ್ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು. ಕಂದು ಬಣ್ಣದ, ಜರಿಯಂಚಿನ ಶಾಲು ಹೊದಿಸಿ, ತಟ್ಟೆ ತುಂಬ ಬಾಳೆಹಣ್ಣು ಕೊಟ್ಟು, "ಅವರು ಕೊಡದಿದ್ರೆ ನಮಗೆ ಕೈ ಇಲ್ವಾ?" ಎಂದರು. ಕೈ ತೊಳೆಯಲು ಬಂದವರು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದರು. ನನ್ನ ಮುಖಕ್ಕೆಲ್ಲ ನೀರು ಸಿಡಿಯಿತು. ಆಮೇಲೆ ಅತ್ತೆನೋ, ನಕ್ಕೆನೋ...

ಹಳೆಯ ಆಫೀಸಿಗೆ ನಾನು ಮರಳಲಿಲ್ಲ. ಆ ಬೇಸಿನ್ ನೋಡಿದ ಮತ್ತೊಂದು ಹೋಟೆಲಿನವರು ಕರೆದರು, ಬಂಡಿ ಹೇಗೋ ಸಾಗಿತು. ಕೆಲವು ವರ್ಷಗಳಲ್ಲಿ ಧಣಿಗಳು ತೀರಿಕೊಂಡರು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಈಗ ಅಲ್ಲಿರುವ ಟವರಿನ ಕೆಳಗೆ ಗಾಜಿನ ಕಾಫಿ ಅಂಗಡಿಯಿದೆ. ಬಿಲ್ಲಿನಲ್ಲಿ ಅಚ್ಚಾದ ನಂಬರು ಒತ್ತಿದರೆ ಮಾತ್ರ ಕೈತೊಳೆಯುವ ಕೋಣೆಯ ಬಾಗಿಲು ತೆರೆಯುತ್ತದೆ. ನಾನೊಮ್ಮೆ ಹೋಗಿ ಕಾಫಿ ಕುಡಿದು, ಕೈ ತೊಳೆಯದೆ ಬಂದೆ. ಕಲ್ಲಿನ ಬೇಸಿನ್ ಒಡೆದು ಯಾವ ಹೊಂಡ ತುಂಬಲು ಹೋಯಿತೋ ಗೊತ್ತಿಲ್ಲ. ತೀರ್ಪುಗಾರರಿಗೆ ಬೇಡವಾದ ಆ ಫೋಟೋ ನನ್ನ ಮೇಜಿನ ಮೇಲಿದೆ. ಅದರಲ್ಲಿ ಧಣಿಗಳ ಮುಖ ಕಾಣುವುದಿಲ್ಲ, ಬಗ್ಗಿದ ಬೆನ್ನು ಮಾತ್ರ. ಅವರು ಇಲ್ಲದ್ದು ನನಗೆ ಈಗಲೂ ಸಂಕಟವೇ.

ಈ ವರ್ಷ ಅದೇ ಸ್ಪರ್ಧೆಗೆ, ಆಂಟಾಪ್ ಹಿಲ್‌ನಲ್ಲಿ ಕಟ್ಟಿದ ಒಂದು ಚಿಕ್ಕ ದವಾಖಾನೆಯನ್ನು ಕಳಿಸಿದ್ದೇನೆ. ಬಾಗಿಲಲ್ಲೇ ನಲ್ಲಿ, ಫೋಟೋದ ನಟ್ಟನಡುವೆ ನಲ್ಲಿ, ಅದರ ಕೆಳಗೆ ಯಾರದೋ ಕೈ. ಕೊನೆಯ ಸುತ್ತಿಗೆ ಬಂದಿದೆ. ಶನಿವಾರ ಗೋರೆಗಾಂವ್‌ನಲ್ಲಿ ಸಮಾರಂಭ. ಗೆದ್ದವರ ಹೆಸರನ್ನು ಅಲ್ಲೇ ಕೂಗುತ್ತಾರಂತೆ.

ಕೂಗಲಿ, ಬಿಡಲಿ. ಶಾಲನ್ನು ಬಿಸಿಲಿಗೆ ಹಾಕಬೇಡ ಎಂದು ಮನೆಯಲ್ಲಿ ಹೇಳಿದ್ದೇನೆ, ವಾಸನೆ ಹಾಗೇ ಇರಬೇಕು. ಶನಿವಾರ ನಾನು ಅದನ್ನು ಮನೆಯಿಂದಲೇ ಹೊದ್ದುಕೊಂಡು ಹೋಗುತ್ತೇನೆ.