ಅವ್ವನಿಗೆ ಕಣ್ಣು ಬರೆದದ್ದು

ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನಾನು ಹೊಡೆದ ಮೊದಲ ಮೊಳೆಯೇ ಜಗಳಕ್ಕೆ ಕಾರಣವಾಯಿತು. ಅದಕ್ಕೆ ಅವ್ವನ ಫೋಟೋ ತೂಗುಹಾಕಿದ್ದೆ. ನಲ್ಲಿ ನೀರು ಬರುವ ಹೊತ್ತು ತಿಳಿಸಲು ಬಂದ ಮನೆ ಒಡತಿ ಗೌರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

“ಸಾರ್, ಅದು ಹೆಣ ಅಲ್ವಾ?”

ಗದಗಿನ ನಮ್ಮ ಮಂದಿ, ನಿಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ನಡುವೆ ಪಟ ತೆಗೆಸಿಯೇ ನಾವು ಮಣ್ಣಿಗೆ ಒಯ್ಯುವುದು. ಎಷ್ಟೋ ಮಂದಿಗೆ ಇಡೀ ಬದುಕಿಗೆ ಅದೊಂದೇ ಪಟ. ಅವ್ವನಿಗೂ ಅಷ್ಟೇ. ಇಲ್ಲಿ ಮಾತ್ರ ಅದು ಹೆಣ. ವಠಾರದಲ್ಲಿ, ಅಂದರೆ ಒಂದೇ ಅಂಗಳ ಹಂಚಿಕೊಂಡ ಮನೆಗಳ ಸಾಲಿನಲ್ಲಿ, ಗೌರಮ್ಮನ ಮಾತೇ ಕಾನೂನು. ಈ ಜಾಗ ಅವರ ಮಾವನ ರಾಗಿ ಹೊಲವಾಗಿತ್ತು.

“ನನ್ನ ಬಸುರಿ ಮಗಳು ಓಡಾಡೋ ಜಾಗ. ತೆಗೀರಿ, ಇಲ್ಲಾ ಮನೆ ಖಾಲಿ ಮಾಡಿ.”

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ಕುಂಚ ಹಿಡಿದವನು ನಾನು, ವಾದಿಸಬಹುದಿತ್ತು. ವಾದದಿಂದ ಬೇರೆ ಮನೆ ಸಿಗುವುದಿಲ್ಲ. ಕಣ್ಣು ತೆರೆದ ಅವ್ವನನ್ನು ಬರೆಯುತ್ತೇನೆಂದು ಒಪ್ಪಿಸಿದೆ.

ಮೂಗು, ಗದ್ದ ಪಟದಿಂದ ಇಳಿದವು. ಕಣ್ಣು ಬರಲಿಲ್ಲ. ಒಲೆಯ ಹೊಗೆಯಾಚೆಯಿಂದ ಅವ್ವ ನೋಡುತ್ತಿದ್ದದ್ದು ನೆನಪಿದೆ. ಅದು ನಿಜವಾದ ನೆನಪೋ ನಾನೇ ಕಟ್ಟಿಕೊಂಡದ್ದೋ? ಗೌರಮ್ಮ ಆಗಾಗ ಇಣುಕಿ, ಮುಗಿಯಿತೇ ಎಂದು ವಿಚಾರಿಸುವರು. ರೊಟ್ಟಿಯ ಬಾಯಿಗೆ ಮುದ್ದೆ ನುಂಗಲು ಕಲಿಸಿದ್ದೂ ಅವರೇ. ಒಂದು ಮಧ್ಯಾಹ್ನ ಕಣ್ಣುಗಳು ತಾವಾಗಿ ಬಂದವು. ಗೆದ್ದೆ ಅಂದುಕೊಂಡೆ.

ವರ್ಷದ ಪೂಜೆಗೆ ಚಿತ್ರ ಒಯ್ಯಲು ಅಕ್ಕ ಬಂದಳು. ಸರಿಯೋ ತಪ್ಪೋ ಹೇಳಬಲ್ಲವಳು ಅವಳೊಬ್ಬಳೇ. ಅವಳು ಚಿತ್ರವನ್ನು ಬೆಳಕಿಗೆ ತಿರುಗಿಸಿದಳು. ಅಷ್ಟರಲ್ಲಿ ಗೌರಮ್ಮ ಮಜ್ಜಿಗೆ ತಂದರು. ಅಕ್ಕ ಅವರನ್ನು ನೋಡಿದಳು, ಚಿತ್ರವನ್ನು ನೋಡಿದಳು.

“ಇವರ ಕಣ್ಣು ಬರದೀಯಲ್ಲೋ ತಮ್ಮಾ.”

ಗೌರಮ್ಮ ಲೋಟ ಕೆಳಗಿಟ್ಟರು. “ನಾನಿನ್ನೂ ಬದುಕಿದೀನಿ ಕಣಮ್ಮಾ.”

ಅಳಿಸಿ ಬರೆಯುತ್ತೇನೆಂದು ಕುಂಚ ತೆಗೆದುಕೊಂಡೆ. ಅವ್ವನ ಕಣ್ಣು ಹೇಗಿದ್ದವು ಹೇಳು ಅಂದೆ. ಅಕ್ಕ ಕಣ್ಣು ಮುಚ್ಚಿ ಕೂತಳು. ಆಮೇಲೆ ನನ್ನ ಕೈ ಹಿಡಿದಳು.

“ಬ್ಯಾಡ ಬಿಡು. ನನಗೂ ಈಗ ಇವೇ ಕಣ್ಣು ಕಾಣಾಕತ್ತಾವು.”

ಚಿತ್ರ ಗದಗಿಗೆ ಹೋಯಿತು. ನೀವೆಲ್ಲ ಅದಕ್ಕೆ ಹೂವು ಏರಿಸುತ್ತಿದ್ದೀರಿ. ಕಣ್ಣು ಮುಚ್ಚಿದ ಅವ್ವ ಇಲ್ಲಿ ನನ್ನ ಟ್ರಂಕಿನ ತಳದಲ್ಲಿದ್ದಾಳೆ. “ಸಾರ್, ನೀರು ಬಂತು,” ಎಂದು ಗೌರಮ್ಮ ಅಂಗಳದಿಂದ ಕೂಗಿದರೆ ಬಕೆಟ್ ಹಿಡಿದು ತಲೆ ತಗ್ಗಿಸಿಯೇ ಹೋಗುತ್ತೇನೆ. ತಪ್ಪಿ ಅವರ ಕಣ್ಣು ನೋಡಿದ ದಿನ ಊರು ನೆನಪಾಗಿ ಕೆಲಸ ಸಾಗುವುದಿಲ್ಲ.