ಮರ ಇಲ್ಲ, ಇಲ್ಲೇ ಇಳಿಯಿರಿ

ವಿಚಾರಣೆ ಅಕ್ಕ ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ತೀರಿಕೊಂಡಳು. ಬಸ್ ನಿಲ್ದಾಣದ ಮೂರನೇ ಅಂಕಣದ ಕಲ್ಲುಬೆಂಚಿನ ಮೇಲೆ. ವಯಸ್ಸು ಐವತ್ತೇಳು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು.

ಆ ನಿಲ್ದಾಣದಲ್ಲಿ 'ವಿಚಾರಣೆ' ಎಂದು ಬರೆದ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳು. ಹಾಗಾಗಿ ಹುಟ್ಟುಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಊರಿಗೆಲ್ಲ ಅವಳು ವಿಚಾರಣೆ ಅಕ್ಕ. ಮದುವೆಯಾಗಲಿಲ್ಲ. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ತಮ್ಮ ಗಾಡಿಗಳ ನಂಬರ್ ಪ್ಲೇಟ್ ಬರೆಯುವವನು. ಅವನ ಹೆಂಡತಿ ನಗುತ್ತ ಹೇಳುವುದಿತ್ತು: "ನೋಡೋಕೆ ಬಂದ ಗಂಡುಗಳಿಗೆಲ್ಲ ಸರಿಯಾದ ಬಸ್ಸು ತೋರಿಸಿ ವಾಪಸ್ ಕಳಿಸಿದ್ದಾಳೆ ನಮ್ಮಕ್ಕ."

ಈ ಊರಿಗೆ ಅವಳು ಬಂದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಇದೇ ಕೆಲಸದ ಸಂದರ್ಶನಕ್ಕೆ. 'ಗಡಿಯಾರ' ಎನ್ನುವ ಸ್ಟಾಪಿನಲ್ಲಿ ಇಳಿಯಬೇಕೆಂದು ಯಾರೋ ಹೇಳಿದ್ದರು. ಕಿಟಕಿಗೆ ಮೂಗು ಒತ್ತಿ ಗಡಿಯಾರ ಹುಡುಕುತ್ತ ಕೂತಳು. ಕಂಡಕ್ಟರ್ "ಗಡಿಯಾರ, ಗಡಿಯಾರ" ಎಂದು ಕೂಗಿದ. ಇವಳು ನೋಡಿದರೆ ಒಂದು ಚಪ್ಪಲಿ ಅಂಗಡಿ, ಒಂದು ಬ್ಯಾಂಕು. ಇನ್ನೂ ಮುಂದಿರಬೇಕು ಎಂದುಕೊಂಡಳು. ಬಸ್ಸು ಕೊನೆಯ ನಿಲ್ದಾಣ ಮುಟ್ಟಿತು. ಅದೇ ಬಸ್ಸಿನಲ್ಲಿ ವಾಪಸ್ ಹೊರಟು, ಮತ್ತೆ ಸ್ಟಾಪು ದಾಟಿದಳು.

"ಗಡಿಯಾರದ ಗೋಪುರ ಬಿದ್ದು ಹನ್ನೆರಡು ವರ್ಷ ಆಯ್ತಲ್ಲಮ್ಮ," ಎಂದ ಕಂಡಕ್ಟರ್.

"ಮತ್ತೆ ಗಡಿಯಾರ ಗಡಿಯಾರ ಅಂತ ಯಾಕ್ರೀ ಕೂಗ್ತೀರಾ?"

"ಎಲ್ಲರಿಗೂ ಗೊತ್ತಲ್ಲ."

"ಗೊತ್ತಿದ್ದವರಿಗೆ ಕೂಗಬೇಕಾ?"

ಸಂದರ್ಶನದ ಕೋಣೆಗೆ ಬೀಗ ಹಾಕುತ್ತಿದ್ದಾಗ ತಲುಪಿದಳು. ಬಾಗಿಲ ಸಂದಿಯಲ್ಲಿ ಕಾಲಿಟ್ಟು, "ದಾರಿ ತಪ್ಪಿಸಿದ್ದು ನಿಮ್ಮ ಬಸ್ಸು, ಕಾಯಬೇಕಾದವರೂ ನೀವೇ," ಎಂದಳು. ಈ ಬಾಯಿಗೆ ಕಿಟಕಿಯೇ ಸರಿ ಅನ್ನಿಸಿತೋ ಏನೋ, ಕೆಲಸ ಕೊಟ್ಟರು.

ಈ ಊರಿನ ಸ್ಟಾಪುಗಳ ಕಥೆಯೇ ಹಾಗೆ. ಎರಡು ಬಾವಿ, ಹಳೇ ಟಾಕೀಸು, ಆಲದ ಮರ, ಕಬ್ಬಿಣದ ಗೇಟು. ಒಂದೂ ಈಗಿಲ್ಲ. ಊರಿನವರ ಕಣ್ಣಿಗೆ ಅವೆಲ್ಲ ಇನ್ನೂ ಕಾಣುತ್ತವೆ. ಹೊಸಬರು ಮಾತ್ರ ಇಲ್ಲದ ಬಾವಿ ಹುಡುಕುತ್ತ ಊರು ಸುತ್ತುತ್ತಾರೆ. ಅದಕ್ಕೇ ಅಕ್ಕ ರಜದ ದಿನ ಒಂದು ಚೀಲ ಹಿಡಿದು, ಹೊಸಬಳಂತೆ ಬಸ್ಸು ಹತ್ತಿ, "ಇದು ಎಲ್ಲಿಗೆ ಹೋಗುತ್ತಪ್ಪಾ?" ಎಂದು ಕೇಳುತ್ತಿದ್ದಳು. ಎಲ್ಲಿ ತಪ್ಪುತ್ತಾರೆಂದು ಗುರುತು ಹಾಕಿಕೊಂಡು, ಸೋಮವಾರ ಕಿಟಕಿಗೆ ಬಂದವರಿಗೆ "ಸೇತುವೆ ಆದಮೇಲೆ ಎರಡನೇ ಸ್ಟಾಪು, ಎಡಗಡೆ ಹಸಿರು ಗೋಡೆ" ಎಂದು ಹೇಳುತ್ತಿದ್ದಳು. ಕಂಡಕ್ಟರುಗಳು ಹುಚ್ಚಿ ಎಂದು ನಗುತ್ತಿದ್ದರು. ನಗಲಿ ಬಿಡು, ಟಿಕೆಟ್ ಕೊಡುವ ಕೈಗೆ ಸುಸ್ತಾಗಿರುತ್ತದೆ ಎನ್ನುತ್ತಿದ್ದಳು.

ಇಂಥವಳೂ ಒಮ್ಮೆ ತಪ್ಪಿದಳು. ಎಂಟು ವರ್ಷದ ಹಿಂದಿನ ಮಾತು. ಆಸ್ಪತ್ರೆಯಲ್ಲಿದ್ದ ಮಗಳನ್ನು ನೋಡಲು ಬಂದ ಒಬ್ಬ ಮುದುಕ ದಾರಿ ಕೇಳಿದ. ಕಿಟಕಿಯ ಮುಂದೆ ಉದ್ದದ ಸಾಲಿತ್ತು. "ಆಲದ ಮರದ ಹತ್ತಿರ ಇಳ್ಕೊಳ್ಳಿ ಯಜಮಾನ್ರೇ," ಎಂದುಬಿಟ್ಟಳು. ಮರ ಕಡಿದು ಎರಡು ವರ್ಷವಾಗಿತ್ತು. ಮಾರನೇ ದಿನ ಮುದುಕ ಮತ್ತೆ ಕಿಟಕಿಗೆ ಬಂದ. ಮಗಳಿಗೆ ಆಪರೇಷನ್ ಆಗುವ ಮೊದಲು ಒಮ್ಮೆ ಮಾತಾಡಬೇಕಿತ್ತಂತೆ. ಅವನು ತಲುಪುವ ಹೊತ್ತಿಗೆ ಒಳಗೆ ಕರೆದೊಯ್ದಿದ್ದರು. ಮಗಳಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಆ ಮರ ಎಲ್ಲಿತ್ತಮ್ಮ?" ಎಂದಷ್ಟೇ ಕೇಳಿದ.

ಅವತ್ತು ಅಕ್ಕ ಊಟ ಮಾಡಲಿಲ್ಲ. ಪಕ್ಕದ ಕಿಟಕಿಯಲ್ಲಿ ಪಾಸ್ ಬರೆಯುತ್ತಿದ್ದ ಗೆಳತಿಗೆ, "ನಾನೂ ಈ ಊರಿನವಳೇ ಆಗಿಬಿಟ್ಟೆ ಕಣೇ," ಎಂದಳು, ಕಳ್ಳತನ ಒಪ್ಪಿಕೊಂಡವಳ ಹಾಗೆ.

ಮೇಲಿನ ಆಫೀಸಿಗೆ ನಾಲ್ಕು ಅರ್ಜಿ ಬರೆದಳು. ನಿಲುಗಡೆಗಳ ಹೆಸರು ದಾಖಲೆಯಲ್ಲಿರುವಂತೆ ಸರಿಯಾಗಿದೆ ಎಂದು ಉತ್ತರ ಬಂತು. ಐದನೇ ಅರ್ಜಿ ಬರೆಯಲಿಲ್ಲ. ತಮ್ಮನ ಅಂಗಡಿಯಲ್ಲಿ ಉಳಿದ ತಗಡು, ಬಣ್ಣ ತಂದು, ಭಾನುವಾರಕ್ಕೆರಡು ಫಲಕದಂತೆ ಬರೆದು ಹದಿನೇಳು ಕಂಬಗಳಿಗೆ ಕಟ್ಟಿದಳು. 'ಆಲದ ಮರ. ಮರ ಇಲ್ಲ, ಇಲ್ಲೇ ಇಳಿಯಿರಿ. ಆಸ್ಪತ್ರೆ ಎದುರಿಗಿದೆ.' 'ಎರಡು ಬಾವಿ. ಎರಡನ್ನೂ ಮುಚ್ಚಿದ್ದಾರೆ, ಇಲ್ಲೇ ಇಳಿಯಿರಿ.'

ಊರು ನಕ್ಕಿತು. ಹೊಸಬರು ಇಳಿದರು. ಆಫೀಸಿನವರು ಕಿತ್ತು ಹಾಕಿದರು. ಅಕ್ಕ ಮತ್ತೆ ಕಟ್ಟಿದಳು. ಐದು ವರ್ಷ ಹೀಗೇ ಕಣ್ಣಾಮುಚ್ಚಾಲೆ. ಆಸ್ಪತ್ರೆ ಸ್ಟಾಪಿನ ಚಪ್ಪಲಿ ಹೊಲಿಯುವವನು ಇನ್ನೂ ಜಾಣ. ಆಫೀಸಿನ ಜೀಪು ದೂರದಲ್ಲಿ ಕಂಡರೆ ಫಲಕ ಬಿಚ್ಚಿ ಕುಂಡೆಯಡಿ ಹಾಕಿಕೊಂಡು ಕೂರುತ್ತಿದ್ದ. ಜೀಪು ಹೋದಮೇಲೆ ಮತ್ತೆ ಕಂಬಕ್ಕೆ.

ಕಡೆಗೆ ಹೊಸ ಅಧಿಕಾರಿ ಅವಳನ್ನು ಕರೆಸಿದರು.

"ಮರ ಇಲ್ಲ ಅಂತ ಬರೆಯೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರ್ರೀ?"

"ಮರ ಕಡಿದವರು ಸಾರ್."

"ತಲೆಹರಟೆ ಬೇಡ. ಇನ್ಮೇಲೆ ಬರೆಯಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ. ಕಿಟಕಿಯಲ್ಲಿ ಆರಾಮಾಗಿ ಕೂತ್ಕೊಳ್ಳಿ."

"ಆರಾಮಾಗಿ ಕೂತಿದ್ದಕ್ಕೇ ಸಾರ್ ಆ ಮುದುಕಪ್ಪ ದಾರಿ ತಪ್ಪಿದ್ದು."

ಸಹಿ ಹಾಕಲಿಲ್ಲ. ಕಿಟಕಿ ಹೋಯಿತು. ಮೆಟ್ಟಿಲ ಕೆಳಗಿನ ಕಳೆದ ಸಾಮಾನುಗಳ ಕೋಣೆಗೆ ಹಾಕಿದರು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಯಾರದೋ ಒಂದು ಜೊತೆ ಹಲ್ಲುಸೆಟ್ಟು. ಮೇಲಿನ ವಿಚಾರಣೆ ಕಿಟಕಿಯಲ್ಲಿ ಒಂದು ಯಂತ್ರ ಇಟ್ಟರು. ಅದು 'ಆಲದ ಮರ: ಏಳು ನಿಮಿಷ' ಎಂದು ತೋರಿಸುತ್ತಿತ್ತು. ಹೊಸಬರು ಅದನ್ನು ನೋಡಿ ತಲೆ ಕೆರೆದುಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ಅಕ್ಕ ಕನ್ನಡಕ ಮೇಲೆತ್ತಿ ಕೇಳುತ್ತಿದ್ದಳು: "ಕಳೆದುಹೋಗಿರೋದು ಸಾಮಾನಾ, ನೀವಾ?"

ಮೂರು ವರ್ಷ ಹಾಗೆ ನಡೆಯಿತು. ಭಾನುವಾರದ ತಗಡು, ಬಣ್ಣ ನಿಲ್ಲಲಿಲ್ಲ. ಕಳೆದ ಸೋಮವಾರ ಕೊನೆಯ ನೋಟೀಸು ಬಂತು. ಜೊತೆಗೆ ಅವರೇ ಟೈಪು ಮಾಡಿದ ಮುಚ್ಚಳಿಕೆ: ತಾನು ಕಟ್ಟಿದ ಫಲಕಗಳು ಪ್ರಯಾಣಿಕರ ದಾರಿ ತಪ್ಪಿಸುವಂಥವು ಎಂದು ಒಪ್ಪಿಕೊಂಡು ಮಂಗಳವಾರ ಹನ್ನೊಂದರೊಳಗೆ ಸಹಿ ಹಾಕಬೇಕು. ಇಲ್ಲವಾದರೆ ನಾನೂರು ಕಿಲೋಮೀಟರ್ ದೂರದ ಡಿಪೋಗೆ ವರ್ಗ.

ಗೆಳತಿ ಬೇಡಿಕೊಂಡಳು. "ಮೂರೇ ವರ್ಷ ಉಳಿದಿರೋದು ಅಕ್ಕಾ. ಒಂದು ಗೀಟು ಎಳೆದುಕೊಟ್ಟು ಸುಮ್ನಿರು. ಈ ವಯಸ್ಸಲ್ಲಿ ಗೊತ್ತಿಲ್ಲದ ಊರಲ್ಲಿ ಹೋಗಿ ಏನ್ ಮಾಡ್ತೀಯಾ?"

"ಗೊತ್ತಿಲ್ಲದ ಊರಾದ್ರೆ ಒಳ್ಳೇದೇ ಅಲ್ವೇನೇ? ಅಲ್ಲಿ ಯಾವ್ಯಾವ ಮರ ಇಲ್ಲ ಅಂತ ಮೊದಲನೇ ದಿನವೇ ಗೊತ್ತಾಗುತ್ತೆ."

ಮಂಗಳವಾರ ಹತ್ತೂವರೆಗೆ ಮುಚ್ಚಳಿಕೆಯನ್ನು ಚೀಲದಲ್ಲಿಟ್ಟುಕೊಂಡು ಮೇಲಿನ ಆಫೀಸಿಗೆ ಹೊರಟಳು. ಮೂರನೇ ಅಂಕಣದ ಹತ್ತಿರ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಮುಖವೆಲ್ಲ ಬೆವರು. ಗೆಳತಿ ಕಿಟಕಿ ಬಿಟ್ಟು ನೀರು ತಂದಳು. "ಆಂಬುಲೆನ್ಸಿಗೆ ಹೇಳಿದ್ದೀನಿ ಅಕ್ಕಾ, ಮಾತಾಡಬೇಡ."

ಆಗಲೇ ಕಂಕುಳಲ್ಲಿ ಕೂಸು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದ ಒಬ್ಬ ಹೆಂಗಸು ಬಂದು ನಿಂತಳು. "ಅಮ್ಮಾ, ಆಲದ ಮರಕ್ಕೆ ಯಾವ ಬಸ್ಸು? ನಮ್ಮೆಜಮಾನ್ರು ಆಸ್ಪತ್ರೇಲಿದ್ದಾರೆ."

"ಬೇರೆಯವರನ್ನ ಕೇಳಮ್ಮಾ," ಎಂದಳು ಗೆಳತಿ.

"ಬೇರೆಯವರು ಮರ ತೋರಿಸ್ತಾರೆ," ಎಂದಳು ಅಕ್ಕ.

ಚೀಲದಿಂದ ಮುಚ್ಚಳಿಕೆ ತೆಗೆದು, ಹಿಂಬದಿಗೆ ಮಗುಚಿ, ತೊಡೆಯ ಮೇಲಿಟ್ಟುಕೊಂಡು ಗೀಟು ಎಳೆದಳು. ಸೇತುವೆ. ಹಸಿರು ಗೋಡೆ. ಎರಡನೇ ಸ್ಟಾಪಿಗೆ ಒಂದು ಸೊನ್ನೆ. ಸೊನ್ನೆ ಮೊಟ್ಟೆಯಾಯಿತು. "ಇಲ್ಲಿ ಇಳಿ. ಕಂಬದ ಮೇಲೆ ಮರ ಇಲ್ಲ ಅಂತ ಬರೆದಿದೆ. ಬೋರ್ಡು ಕಾಣ್ದೇ ಹೋದ್ರೆ ಚಪ್ಪಲಿ ಹೊಲಿಯೋನ ಹತ್ರ ಕೇಳು. ಆ ಕಡೆ ಟೈಪು ಮಾಡಿರೋದನ್ನ ಓದಬೇಡ, ಅದು ಸುಳ್ಳು."

ಹೆಂಗಸು ಹಾಳೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಆಸ್ಪತ್ರೆ ಕಡೆಯ ಬಸ್ಸು ಹಿಂದಕ್ಕೆ ಸರಿದು ಹೊರಡುತ್ತಿತ್ತು. ಅಕ್ಕ ಗೆಳತಿಯ ಹೆಗಲು ಹಿಡಿದು ಎದ್ದು ನಿಂತಳು. ಇನ್ನೊಂದು ಕೈ ಎತ್ತಿ, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು:

"ಲೇ, ನಿಲ್ಸೋ! ಹೊಸಬರು ಹತ್ತೋರಿದ್ದಾರೆ!"